ನೀರಿನ ಬಾಟಲಿ ತುಂಬಿಯೇ ಮರಳುತ್ತಿತ್ತು: ಶಾಲೆಯಲ್ಲಿ ಮಕ್ಕಳ ಸುರಕ್ಷತೆಗೆ ಮೊದಲು ಏನು ಕೇಳಬೇಕು?

ಐದನೆಯ ತರಗತಿಯ ಬಾಲಕನ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗ ಸರ್ಕಾರಿ ಶಾಲೆಯಲ್ಲಿ ಐದನೆಯ ತರಗತಿ ಓದುತ್ತಿದ್ದಾನೆ. ಸುಮಾರು ಎರಡು ತಿಂಗಳ ಕಾಲ ಅವನ ನೀರಿನ ಬಾಟಲಿ ಬೆಳಗ್ಗೆ ತುಂಬಿಸಿ ಕಳುಹಿಸಿದಂತೆಯೇ ಸಂಜೆ ಮರಳಿ ಬರುತ್ತಿತ್ತು. ಮರೆವೆಂದು ಭಾವಿಸಿ ನಾನು ಗದರಿದ್ದೂ ಉಂಟು. ಕೊನೆಗೆ ಒಂದು ರಾತ್ರಿ ಹೊಟ್ಟೆನೋವಿನಿಂದ ಅಳುತ್ತಿದ್ದಾಗ ಬಾಯಿಬಿಟ್ಟ: ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕಾಗುತ್ತದೆ, ಅಲ್ಲಿ ದೊಡ್ಡ ತರಗತಿಯ ಮೂವರು ಹುಡುಗರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ, ಆದ್ದರಿಂದ ಕುಡಿಯುವುದನ್ನೇ ಬಿಟ್ಟಿದ್ದೇನೆ ಎಂದ.

ಅದೇ ವಾರ ಶಾಲೆಯಲ್ಲಿ ಸುರಕ್ಷತೆಯ ಬಗ್ಗೆಯೇ ಪೋಷಕರ ಸಭೆ ನಡೆಯಿತು. ಕಾಂಪೌಂಡ್ ಗೋಡೆ ಎತ್ತರಿಸುವುದು, ಕ್ಯಾಮೆರಾ ಅಳವಡಿಸುವುದು, ಗೇಟಿನಲ್ಲಿ ಕಾವಲುಗಾರರನ್ನು ನೇಮಿಸುವುದು ಎಂಬ ಮೂರು ವಿಷಯಗಳ ಸುತ್ತಲೇ ಒಂದೂವರೆ ಗಂಟೆ ಕಳೆಯಿತು. ಶೌಚಾಲಯದ ಮಾತನ್ನು ಒಬ್ಬರೂ ಎತ್ತಲಿಲ್ಲ. ಮಗನ ಹೆಸರು ಹೊರಬಿದ್ದರೆ ಅವನಿಗೆ ಇನ್ನಷ್ಟು ತೊಂದರೆಯಾದೀತೆಂಬ ಅಂಜಿಕೆಯಿಂದ ನಾನೂ ಎತ್ತಲಿಲ್ಲ. ಮುಂದಿನ ಸಭೆಗೆ ಇನ್ನೂ ಮೂರು ವಾರಗಳಿವೆ. ಅಲ್ಲಿ ನಾನು ಮೊದಲು ಯಾವುದನ್ನು ಕೇಳಬೇಕು? ಅನುಭವವಿರುವವರು ತಿಳಿಸಬೇಕೆಂದು ವಿನಂತಿ.

ಶಾಲಾ ಭದ್ರತೆಯ ಮೇಲ್ವಿಚಾರಕ

ಮೇಡಂ, ನಿಮ್ಮ ಮಗನ ಸ್ಥಿತಿ ಓದಿ ಬಹಳ ನೋವಾಯಿತು. ಆದರೂ ಗೇಟು ಮತ್ತು ಬಾಗಿಲಿನ ವಿಷಯವನ್ನು ಹಗುರವಾಗಿ ಕಾಣಬಾರದೆಂದು ಕೇಳಿಕೊಳ್ಳುತ್ತೇನೆ. ಹೊರಗಿನವರು ಯಾರು ಬೇಕಾದರೂ ಯಾವ ಹೊತ್ತಿನಲ್ಲಾದರೂ ಒಳಗೆ ಬರಬಹುದಾದ ಶಾಲೆಯಲ್ಲಿ ಉಳಿದ ಎಲ್ಲ ಎಚ್ಚರಿಕೆಯೂ ಅರ್ಧಕ್ಕೇ ನಿಲ್ಲುತ್ತದೆ. 2022ರ ಮೇ ತಿಂಗಳಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಉವಾಲ್ಡೆ ಎಂಬ ಊರಿನ ಪ್ರಾಥಮಿಕ ಶಾಲೆಗೆ ನುಗ್ಗಿದ ಯುವಕನೊಬ್ಬ 19 ಮಕ್ಕಳನ್ನೂ ಇಬ್ಬರು ಶಿಕ್ಷಕಿಯರನ್ನೂ ಕೊಂದ. ಆ ಬಗ್ಗೆ ರಾಜ್ಯದ ಶಾಸನಸಭೆಯ ಸಮಿತಿ ನೀಡಿದ ವರದಿಯನ್ನು ನಮ್ಮ ಕೆಲಸದಲ್ಲಿರುವವರೆಲ್ಲರೂ ಓದಬೇಕು. ಅಲ್ಲಿ ಬೀಗಗಳೂ ಇದ್ದವು, ಬಾಗಿಲು ಹಾಕಿರಬೇಕೆಂಬ ನಿಯಮವೂ ಇತ್ತು. ಆದರೆ ಓಡಾಟಕ್ಕೆ ಅನುಕೂಲವೆಂದು ಬಾಗಿಲಿಗೆ ಕಲ್ಲು ಒಡ್ಡಿ ತೆರೆದಿಡುವ ಅಭ್ಯಾಸ ಬೆಳೆದಿತ್ತು, ಒಂದು ಕೊಠಡಿಯ ಬೀಗ ಸರಿಯಾಗಿ ಬೀಳುವುದಿಲ್ಲವೆಂದು ಹಲವರಿಗೆ ಗೊತ್ತಿದ್ದರೂ ರಿಪೇರಿ ಆಗಿರಲಿಲ್ಲ. ಇನ್ನೊಂದು ಸಂಗತಿಯನ್ನೂ ವರದಿ ಹೇಳುತ್ತದೆ. ಶಾಲೆಗೆ ಸಂಬಂಧವಿಲ್ಲದ ಹೊರಗಿನ ಪೊಲೀಸ್ ಬೆನ್ನಟ್ಟುವಿಕೆಗಳ ಕಾರಣದಿಂದ ಹಿಂದಿನ ತಿಂಗಳುಗಳಲ್ಲಿ ಎಚ್ಚರಿಕೆಯ ಸಂದೇಶಗಳು ಪದೇ ಪದೇ ಬಂದು, ನಿಜವಾದ ಅಪಾಯದ ದಿನ ಅದನ್ನೂ ಅಂಥದ್ದೇ ಒಂದೆಂದು ತಿಳಿಯುವಷ್ಟು ಜನರಿಗೆ ಅದು ರೂಢಿಯಾಗಿಬಿಟ್ಟಿತ್ತು.

ಹಾಗಾಗಿ ಸಭೆಯಲ್ಲಿ ಹೊಸ ಕ್ಯಾಮೆರಾಕ್ಕಿಂತ ಮೊದಲು ಈಗಿರುವ ಬಾಗಿಲುಗಳು ಒಳಗಿನಿಂದ ಸರಿಯಾಗಿ ಮುಚ್ಚುತ್ತವೆಯೇ, ಅವುಗಳ ಕೀಲಿ ಯಾರ ಬಳಿ ಇರುತ್ತದೆ, ರಿಪೇರಿಯ ಕೋರಿಕೆ ಕೊಟ್ಟ ಎಷ್ಟು ದಿನಕ್ಕೆ ಕೆಲಸವಾಗುತ್ತದೆ ಎಂದು ಕೇಳಿ.

ಏಳನೆಯ ತರಗತಿಯ ಹುಡುಗನ ತಂದೆ

ಆ ಮೂವರು ಹುಡುಗರಿಗೆ ಟಿ.ಸಿ. ಕೊಟ್ಟು ಕಳುಹಿಸಬೇಕು. ನಾನು ಬೇರೆ ಉತ್ತರವನ್ನು ಒಪ್ಪುವುದಿಲ್ಲ. ಕಳೆದ ವರ್ಷ ನನ್ನ ಮಗನ ಮುಂಗೈ ಮೂಳೆ ಮುರಿಯಿತು. ಹೊಡೆದ ಹುಡುಗನಿಗೆ ತಿಳಿಹೇಳಲಾಗಿದೆ ಎಂದು ಶಾಲೆಯವರು ಉತ್ತರಿಸಿದರು. ಮರುದಿನ ಅವನು ನನ್ನ ಮಗನ ಹಿಂದಿನ ಬೆಂಚಿನಲ್ಲೇ ಕುಳಿತಿದ್ದ. ಪ್ಲಾಸ್ಟರ್ ಹಾಕಿಕೊಂಡ ಮಗುವಿಗೆ ಆ ಒಂದು ತಿಂಗಳು ಹೇಗಿತ್ತೆಂದು ಯಾರೂ ಕೇಳಲಿಲ್ಲ. ತಪ್ಪು ಮಾಡಿದವನ ಭವಿಷ್ಯದ ಬಗ್ಗೆ ಎಲ್ಲರಿಗೂ ಮರುಕವಿದೆ. ಪೆಟ್ಟು ತಿಂದವನ ಭವಿಷ್ಯವನ್ನು ಯಾರು ನೋಡಬೇಕು?

ನಿವೃತ್ತ ಮುಖ್ಯ ಶಿಕ್ಷಕಿ

ಸರ್, ನಿಮ್ಮ ಸಿಟ್ಟು ನ್ಯಾಯವಾದದ್ದು. ಹೊಡೆದವನನ್ನು ಮರುದಿನವೇ ಅವನ ಹಿಂದೆ ಕೂರಿಸಿದ್ದು ಶಾಲೆಯ ಘೋರ ತಪ್ಪು. ಪೆಟ್ಟು ತಿಂದ ಮಗುವಿನ ದಿನಚರಿಯನ್ನು ಮೊದಲು ಭದ್ರಪಡಿಸಿ, ಅನಂತರವೇ ಹೊಡೆದವನ ವಿಚಾರಕ್ಕೆ ಬರಬೇಕು. ಜಾಗ ಬದಲಿಸಬೇಕಾದರೂ, ದಾರಿ ಬದಲಿಸಬೇಕಾದರೂ, ಬದಲಿಸಬೇಕಾದವನು ಹೊಡೆದವನೇ.

ಆದರೆ ಟಿ.ಸಿ.ಯ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಸರ್ಕಾರಿ ಶಾಲೆ ಮಕ್ಕಳನ್ನು ಆರಿಸಿ ತೆಗೆದುಕೊಳ್ಳುವಂತಿಲ್ಲ. ಬಂದವರನ್ನೆಲ್ಲ ಸೇರಿಸಿಕೊಳ್ಳುವುದೇ ಅದರ ಧರ್ಮ. ಹಾಗಿರುವಾಗ ನಾನು ಹೊರಹಾಕಿದ ಹುಡುಗ ಪಕ್ಕದ ಸರ್ಕಾರಿ ಶಾಲೆಗೆ ಹೋಗುತ್ತಾನೆ, ಅಥವಾ ಎಲ್ಲಿಗೂ ಹೋಗದೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹೊರಗೆ ನಿಲ್ಲುತ್ತಾನೆ. ಅಮೆರಿಕದಲ್ಲಿ 1994ರ ಕಾನೂನೊಂದು ಶಾಲೆಗೆ ಬಂದೂಕು ತಂದವರನ್ನು ಕನಿಷ್ಠ ಒಂದು ವರ್ಷ ಹೊರಹಾಕಬೇಕೆಂದು ವಿಧಿಸಿತು. ಬಂದೂಕಿನ ಮಟ್ಟಿಗೆ ಅದು ಅರ್ಥವಾಗುವ ಮಾತು. ಆದರೆ ಶಾಲೆಗಳು ಅದೇ ಕಠಿಣ ಧೋರಣೆಯನ್ನು ಜಗಳ, ಎದುರುತ್ತರ, ಚಿಕ್ಕಪುಟ್ಟ ಶಿಸ್ತಿನ ವಿಷಯಗಳಿಗೂ ಹಬ್ಬಿಸಿದವು. ಅಲ್ಲಿನ ಮನೋವಿಜ್ಞಾನಿಗಳ ಸಂಘ ನೇಮಿಸಿದ ಕಾರ್ಯಪಡೆ ಲಭ್ಯವಿದ್ದ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಇಂಥ ಧೋರಣೆಯಿಂದ ಶಾಲೆಗಳು ಹೆಚ್ಚು ಸುರಕ್ಷಿತವಾದವು ಎನ್ನಲು ಆಧಾರ ದೊರೆತಿಲ್ಲವೆಂದು ಹೇಳಿತು.

ಇನ್ನು ತಾಯಿಯವರ ಪ್ರಶ್ನೆಗೆ ಬರುತ್ತೇನೆ, ಮತ್ತು ಅದಕ್ಕೆ ಮೊದಲು ನನ್ನದೇ ತಪ್ಪೊಂದನ್ನು ಹೇಳಬೇಕು. ನಾನು ಸೇವೆಯಲ್ಲಿದ್ದಾಗ ಆರನೆಯ ತರಗತಿಯ ಹುಡುಗಿಯೊಬ್ಬಳು ಒಂದೇ ವಾರದಲ್ಲಿ ಮೂರು ಬಾರಿ ನನ್ನ ಕೊಠಡಿಯ ಬಾಗಿಲಿಗೆ ಬಂದು ನಿಂತಳು. ಮೊದಲ ಸಲ ಕೆಲಸವಿದೆ, ಆಮೇಲೆ ಬಾ ಎಂದೆ. ಎರಡನೆಯ ಸಲ ಕ್ಲಾಸ್ ಟೀಚರಿಗೆ ಹೇಳು ಎಂದೆ. ಮೂರನೆಯ ಸಲ ಅವಳು ಹೇಳಿದ್ದನ್ನು ಅರ್ಧ ಕೇಳಿ, ನೀನೂ ಏನಾದರೂ ಅಂದಿರಬೇಕು, ಸುಮ್ಮನೆ ಚಾಡಿ ಹೇಳಬೇಡ ಎಂದುಬಿಟ್ಟೆ. ಅವಳು ನಾಲ್ಕನೆಯ ಸಲ ಬರಲಿಲ್ಲ. ವಾರ್ಷಿಕ ಪರೀಕ್ಷೆಗೂ ಬರಲಿಲ್ಲ. ಅವಳಿಗೆ ಏನಾಗುತ್ತಿತ್ತೆಂದು ನನಗೆ ತಿಳಿದದ್ದು ಒಂದು ವರ್ಷದ ಮೇಲೆ, ಅವಳ ಅಕ್ಕನ ಮೂಲಕ. ಅದನ್ನು ಇಲ್ಲಿ ಬರೆಯುವ ಹಕ್ಕು ನನಗಿಲ್ಲ.

ಅಂದಿನಿಂದ ನಮ್ಮ ಶಾಲೆಯಲ್ಲಿ ಚಾಡಿ ಎಂಬ ಮಾತನ್ನು ಶಿಕ್ಷಕರು ಬಳಸಬಾರದೆಂದು ಕೇಳಿಕೊಂಡೆ. ಒಬ್ಬನನ್ನು ಸಿಕ್ಕಿಸಿಹಾಕಲು ಹೇಳುವ ಮಾತು ಬೇರೆ, ತನ್ನನ್ನೋ ಗೆಳೆಯನನ್ನೋ ಕಾಪಾಡಿಕೊಳ್ಳಲು ಹೇಳುವ ಮಾತು ಬೇರೆ. ಈ ವ್ಯತ್ಯಾಸ ಮಕ್ಕಳಿಗೆ ಬೇಗ ತಿಳಿಯುತ್ತದೆ. ಹಿರಿಯರಿಗೆ ಕಲಿಸುವುದೇ ಕಷ್ಟವಾಯಿತು.

ಆದ್ದರಿಂದ ಮೇಡಂ, ಸಭೆಯಲ್ಲಿ ನಿಮ್ಮ ಮೊದಲ ಪ್ರಶ್ನೆ ಇದಾಗಲಿ: ಒಂದು ಮಗು ತನಗೆ ಹೆದರಿಕೆಯಾಗಿದೆ ಎಂದು ಹೇಳಲು ಬಂದರೆ, ಅದು ಯಾರ ಬಳಿ ಹೋಗಬೇಕು, ಅವರು ಅದೇ ದಿನ ಏನು ಮಾಡುತ್ತಾರೆ, ಮತ್ತು ಒಂದು ವಾರದ ನಂತರ ಆ ಮಗುವನ್ನು ಮತ್ತೆ ಕರೆದು ವಿಚಾರಿಸುವವರು ಯಾರು? ಗೋಡೆಯ ಎತ್ತರ ಎಷ್ಟಿದ್ದರೂ ಈ ಪ್ರಶ್ನೆಗೆ ಉತ್ತರವಿಲ್ಲದ ಶಾಲೆಯನ್ನು ನಾನು ಸುರಕ್ಷಿತವೆನ್ನುವುದಿಲ್ಲ.

ಶಾಲಾ ಆಪ್ತಸಮಾಲೋಚಕ

ಮುಖ್ಯ ಶಿಕ್ಷಕಿಯವರ ಮಾತು ಕೇವಲ ಭಾವನೆಯದಲ್ಲವೆಂದು ತೋರಿಸಲು ಕೆಲವು ವಿವರಗಳನ್ನು ಸೇರಿಸುತ್ತೇನೆ. 1999ರಲ್ಲಿ ಅಮೆರಿಕದ ಕೊಲಂಬೈನ್ ಪ್ರೌಢಶಾಲೆಯಲ್ಲಿ ಹತ್ಯಾಕಾಂಡ ನಡೆದ ಮೇಲೆ ಅಲ್ಲಿನ ಅಧ್ಯಕ್ಷರ ರಕ್ಷಣೆ ನೋಡಿಕೊಳ್ಳುವ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ ಜೊತೆಗೂಡಿ, 1974ರಿಂದ 2000ದವರೆಗೆ ಶಾಲೆಗಳಲ್ಲಿ ನಡೆದಿದ್ದ 37 ದಾಳಿಗಳನ್ನೂ ಅವುಗಳ ಹಿಂದಿದ್ದ 41 ಮಂದಿಯನ್ನೂ ಅಧ್ಯಯನ ಮಾಡಿದವು. ದಾಳಿಕೋರನೆಂದರೆ ಇಂಥವನೇ ಎಂದು ಗುರುತಿಸಬಲ್ಲ ಒಂದು ಚಿತ್ರ ಅವರಿಗೆ ಸಿಗಲಿಲ್ಲ. ಚೆನ್ನಾಗಿ ಓದುವವರೂ ಇದ್ದರು, ಹಿಂದುಳಿದವರೂ ಇದ್ದರು, ಗೆಳೆಯರ ನಡುವೆ ಇದ್ದವರೂ ಒಂಟಿಯಾಗಿದ್ದವರೂ ಇದ್ದರು. ಆದರೆ ನೂರರಲ್ಲಿ 81 ಘಟನೆಗಳಲ್ಲಿ ಕನಿಷ್ಠ ಒಬ್ಬರಿಗಾದರೂ ವಿಷಯ ಮೊದಲೇ ತಿಳಿದಿತ್ತು, ಮತ್ತು ತಿಳಿದವರಲ್ಲಿ ಬಹುತೇಕ ಎಲ್ಲರೂ ಓರಗೆಯವರೇ ಆಗಿದ್ದರು: ಗೆಳೆಯ, ಸಹಪಾಠಿ, ಒಡಹುಟ್ಟಿದವರು. ಮೂರರಲ್ಲಿ ಎರಡಕ್ಕಿಂತ ಸ್ವಲ್ಪ ಹೆಚ್ಚು ಪ್ರಕರಣಗಳಲ್ಲಿ ಬಂದೂಕು ಬಂದದ್ದು ಸ್ವಂತ ಮನೆಯಿಂದ ಅಥವಾ ಬಂಧುಗಳ ಮನೆಯಿಂದ. ಅಂದರೆ ಮನೆಯ ಕಪಾಟಿಗೆ ಬೀಗ ಹಾಕುವುದೂ ಶಾಲೆಯ ಸುರಕ್ಷತೆಯೇ.

ಇಂಥ ದಾಳಿಗಳು ಅಪರೂಪ. ಆದರೂ ಅವುಗಳಿಂದ ಕಲಿತದ್ದು ಶೌಚಾಲಯದ ಬಾಗಿಲಿನ ಪ್ರಕರಣಕ್ಕೂ ಹೊಂದುತ್ತದೆ. ಮಕ್ಕಳಿಗೆ ಮೊದಲು ಗೊತ್ತಾಗುತ್ತದೆ, ಹಿರಿಯರಿಗೆ ಕೊನೆಗೆ ಗೊತ್ತಾಗುತ್ತದೆ. ಕೊಲೊರಾಡೊ ರಾಜ್ಯದಲ್ಲಿ 2004ರಲ್ಲಿ ಆರಂಭವಾದ ಸೇಫ್‌ಟುಟೆಲ್ ಎಂಬ ವ್ಯವಸ್ಥೆ, ಹೆಸರು ಹೇಳದೆಯೇ ಯಾವ ವಿದ್ಯಾರ್ಥಿಯಾದರೂ ಅಪಾಯದ ಸುಳಿವನ್ನು ಮುಟ್ಟಿಸುವಂತೆ ಈ ಅಂತರವನ್ನು ತುಂಬಲೆಂದೇ ಬಂದದ್ದು.

ಸುಳಿವು ಬಂದ ಮೇಲೆ ಏನು ಮಾಡಬೇಕು ಎಂಬುದು ಮುಂದಿನ ಪ್ರಶ್ನೆ. ವರ್ಜೀನಿಯಾ ವಿಶ್ವವಿದ್ಯಾಲಯದ ಡ್ಯೂಯಿ ಕಾರ್ನೆಲ್ ಮತ್ತು ಅವರ ಸಂಗಡಿಗರು ಇದಕ್ಕೊಂದು ಕ್ರಮ ರೂಪಿಸಿದರು. ಮುಖ್ಯ ಶಿಕ್ಷಕರು, ಸಮಾಲೋಚಕರು, ಮನಶ್ಶಾಸ್ತ್ರಜ್ಞರು ಮತ್ತು ಪೊಲೀಸ್ ಪ್ರತಿನಿಧಿ ಇರುವ ಒಂದು ಸಣ್ಣ ತಂಡ, ಬೆದರಿಕೆ ಹಾಕಿದವನನ್ನೂ ಕೇಳಿಸಿಕೊಂಡವರನ್ನೂ ಮಾತಾಡಿಸಿ, ಅದು ಸಿಟ್ಟಿನ ಭರದಲ್ಲಿ ಬಂದು ಅಲ್ಲಿಗೇ ಮುಗಿದ ಮಾತೋ ಅಥವಾ ಒಳಗೆ ಗಟ್ಟಿಯಾಗುತ್ತಿರುವ ಉದ್ದೇಶವೋ ಎಂದು ವಿಂಗಡಿಸುತ್ತದೆ. 35 ಶಾಲೆಗಳಲ್ಲಿ ನಡೆದ ಮೊದಲ ಪ್ರಯೋಗದಲ್ಲಿ 188 ಬೆದರಿಕೆಗಳು ಪರಿಶೀಲನೆಗೆ ಬಂದವು. ಅವುಗಳಲ್ಲಿ ಸುಮಾರು ಶೇಕಡಾ 70ರಷ್ಟು ಸಿಟ್ಟಿನ ಮಾತುಗಳೇ ಆಗಿದ್ದು ವಿವರಣೆ ಮತ್ತು ಕ್ಷಮೆಯಲ್ಲಿ ಮುಗಿದವು. ಉಳಿದವಕ್ಕೆ ರಕ್ಷಣೆಯ ಕ್ರಮಗಳು ಬೇಕಾದವು. 2013ರಲ್ಲಿ ವರ್ಜೀನಿಯಾ ರಾಜ್ಯ ತನ್ನ ಎಲ್ಲ ಸಾರ್ವಜನಿಕ ಶಾಲೆಗಳಲ್ಲೂ ಇಂಥ ತಂಡ ಇರಲೇಬೇಕೆಂದು ಕಾನೂನು ಮಾಡಿತು. ತಂದೆಯವರು ಕೇಳುತ್ತಿರುವ ಗಟ್ಟಿತನ ಇದರಲ್ಲೂ ಇದೆ. ಯಾವ ಬೆದರಿಕೆಯನ್ನೂ ನೋಡದೆ ಬಿಡುವುದಿಲ್ಲ, ಎಲ್ಲಕ್ಕೂ ಒಂದೇ ಶಿಕ್ಷೆಯನ್ನೂ ಕೊಡುವುದಿಲ್ಲ.

ಏಳನೆಯ ತರಗತಿಯ ಹುಡುಗನ ತಂದೆ

ಬದಲಿಸಬೇಕಾದವನು ಹೊಡೆದವನೇ ಎಂಬ ಮುಖ್ಯ ಶಿಕ್ಷಕಿಯವರ ಒಂದು ವಾಕ್ಯವನ್ನು ನಮ್ಮ ಶಾಲೆಯವರು ಅಂದು ಹೇಳಿದ್ದರೆ ನಾನು ಟಿ.ಸಿ.ಯ ಮಾತೆತ್ತುತ್ತಿರಲಿಲ್ಲ. ಆದರೂ ತಂಡ, ಸಮಾಲೋಚಕರು, ಮನಶ್ಶಾಸ್ತ್ರಜ್ಞರು ಎನ್ನುತ್ತೀರಿ. ಇವರೆಲ್ಲ ಇಲ್ಲದ ಶಾಲೆ ಏನು ಮಾಡಬೇಕು?

ಹಳೆಯ ವಿದ್ಯಾರ್ಥಿ

ನಾನು ಹೊಡೆದವನಲ್ಲ, ಹೊಡೆಸಿಕೊಂಡವನೂ ಅಲ್ಲ. ನೋಡುತ್ತ ನಿಂತವನು. ಎಂಟನೆಯ ತರಗತಿಯಲ್ಲಿ ನಮ್ಮೊಡನಿದ್ದ ಒಬ್ಬನಿಗೆ ಮಾತು ತೊದಲುತ್ತಿತ್ತು. ಪ್ರತಿದಿನ ಒಂದು ಪೀರಿಯಡ್ ಮುಗಿದು ಇನ್ನೊಂದು ಆರಂಭವಾಗುವ ಆ ನಾಲ್ಕೈದು ನಿಮಿಷಗಳಲ್ಲಿ ಅವನನ್ನು ನಿಲ್ಲಿಸಿ ಅವನ ಹೆಸರನ್ನು ಅವನಿಂದಲೇ ಹೇಳಿಸುತ್ತಿದ್ದರು. ಹತ್ತಿಪ್ಪತ್ತು ಜನ ನಗುತ್ತಿದ್ದೆವು. ನನಗೆ ನಗು ಬರುತ್ತಿರಲಿಲ್ಲ, ಆದರೂ ನಗುತ್ತಿದ್ದೆ. ನಗದಿದ್ದರೆ ನಾಳೆ ಸರದಿ ನನ್ನದಾಗಬಹುದೆಂಬ ಹೆದರಿಕೆ ಇತ್ತು.

ಬಹಳ ವರ್ಷಗಳ ನಂತರ ಟೊರೊಂಟೊ ನಗರದ ಶಾಲಾ ಮೈದಾನಗಳಲ್ಲಿ ಕ್ಯಾಮೆರಾ ಇಟ್ಟು ಮಕ್ಕಳ ಕಿರುಕುಳವನ್ನು ಅಧ್ಯಯನ ಮಾಡಿದ್ದರ ಬಗ್ಗೆ ಓದಿದೆ. 2001ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ನೂರರಲ್ಲಿ 88 ಪ್ರಸಂಗಗಳಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ಅವರು ನಡುವೆ ಬಂದದ್ದು 19ರಲ್ಲಿ ಮಾತ್ರ. ಆದರೆ ಬಂದಾಗ, ಅರ್ಧಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಕಿರುಕುಳ ಹತ್ತು ಸೆಕೆಂಡಿನೊಳಗೆ ನಿಂತುಹೋಗುತ್ತಿತ್ತು. ಆ ಹತ್ತು ಸೆಕೆಂಡುಗಳನ್ನು ನಾನು ಒಂದು ಇಡೀ ವರ್ಷ ಕೊಡಲಿಲ್ಲ. ತಾಯಿಯವರಿಗೆ ನನ್ನ ಕೋರಿಕೆ ಇಷ್ಟೇ: ಆ ಮೂವರ ಬಗ್ಗೆ ಮಾತ್ರವಲ್ಲ, ಅದೇ ಶೌಚಾಲಯಕ್ಕೆ ಬಂದು ಹೋಗುವ ಉಳಿದ ಮಕ್ಕಳ ಬಗ್ಗೆಯೂ ಕೇಳಿ. ಅವರಿಗೆ ಎಲ್ಲ ಗೊತ್ತಿರುತ್ತದೆ.

ಪ್ರೌಢಶಾಲಾ ಶಿಕ್ಷಕ

ತಜ್ಞರು ಇಲ್ಲದ ಶಾಲೆ ಏನು ಮಾಡಬೇಕೆಂಬ ತಂದೆಯವರ ಪ್ರಶ್ನೆಗೆ ಉತ್ತರಿಸಲು ಪ್ರಯತ್ನಿಸುತ್ತೇನೆ, ಏಕೆಂದರೆ ನಾನಿರುವುದು ಅಂಥ ಶಾಲೆಯಲ್ಲೇ.

ಕಿರುಕುಳವೆಂದರೆ ಕೇವಲ ಜಗಳವಲ್ಲ, ಬಲದಲ್ಲಿ ಸಮಾನರಲ್ಲದವರ ನಡುವೆ ಬೇಕೆಂದೇ ಮತ್ತೆ ಮತ್ತೆ ನಡೆಯುವ ನೋವು ಎಂದು ಸ್ಪಷ್ಟಪಡಿಸಿದವರು ಸ್ವೀಡನ್ ಮೂಲದ ಮನೋವಿಜ್ಞಾನಿ ಡಾನ್ ಓಲ್ವೆಯುಸ್. ನಾರ್ವೆಯಲ್ಲಿ ಸಹಪಾಠಿಗಳ ಕಿರುಕುಳದ ಹಿನ್ನೆಲೆಯಲ್ಲಿ ಮೂವರು ಹುಡುಗರು ಪ್ರಾಣ ಕಳೆದುಕೊಂಡ ಮೇಲೆ ಸರ್ಕಾರ 1983ರಲ್ಲಿ ರಾಷ್ಟ್ರವ್ಯಾಪಿ ಅಭಿಯಾನ ಆರಂಭಿಸಿತು. ಅದರ ಭಾಗವಾಗಿ ಬರ್ಗೆನ್ ನಗರದ 42 ಶಾಲೆಗಳ ಸುಮಾರು 2,500 ವಿದ್ಯಾರ್ಥಿಗಳನ್ನು ಓಲ್ವೆಯುಸ್ ಎರಡು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದಾಗ ಕಿರುಕುಳದ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಅವರು ಬಳಸಿದ ಉಪಾಯಗಳಲ್ಲಿ ದುಬಾರಿಯಾದದ್ದು ಯಾವುದೂ ಇರಲಿಲ್ಲ. ಮಕ್ಕಳಿಗೆ ಹೆಸರಿಲ್ಲದ ಪ್ರಶ್ನಾವಳಿ, ತರಗತಿಯಲ್ಲಿ ಎಲ್ಲರೂ ಸೇರಿ ಮಾಡಿಕೊಂಡ ನಿಯಮಗಳು, ವಾರಕ್ಕೊಮ್ಮೆ ತರಗತಿಯ ಸಭೆ, ವಿರಾಮದ ಹೊತ್ತಿನಲ್ಲಿ ಶಿಕ್ಷಕರ ಉಪಸ್ಥಿತಿ, ತೊಡಗಿದ ಮಕ್ಕಳೊಡನೆಯೂ ಅವರ ಪೋಷಕರೊಡನೆಯೂ ಗಂಭೀರ ಮಾತುಕತೆ. ವಿರಾಮದಲ್ಲಿ ಹೆಚ್ಚು ಶಿಕ್ಷಕರು ಹೊರಗಿರುವ ಶಾಲೆಗಳಲ್ಲಿ ಕಿರುಕುಳ ಕಡಿಮೆ ಇತ್ತೆಂಬುದನ್ನೂ ಅವರು ಕಂಡುಕೊಂಡರು. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಕಿವಾ ಎಂಬ ಕಾರ್ಯಕ್ರಮವಂತೂ ಹಳೆಯ ವಿದ್ಯಾರ್ಥಿ ಹೇಳಿದ ಆ ನೋಡುತ್ತ ನಿಂತವರನ್ನೇ ಮುಖ್ಯವಾಗಿ ಹಿಡಿದುಕೊಂಡಿದೆ.

ನಾವು ಮಾಡಿದ್ದು ಇಷ್ಟು. ಶಾಲೆಯ ನಕ್ಷೆಯನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಗಳನ್ನು ಎಲ್ಲ ತರಗತಿಗಳಿಗೂ ಕೊಟ್ಟು, ಹೆಸರು ಬರೆಯದೆ, ನಿಮಗೆ ಹೆದರಿಕೆಯಾಗುವ ಜಾಗಕ್ಕೆ ಕೆಂಪು ಚುಕ್ಕೆ ಇಡಿ ಎಂದೆವು. ಮಕ್ಕಳು ಬೇರೆಯವರ ಹಾಳೆ ನೋಡದಂತೆ ಪರೀಕ್ಷೆಯಲ್ಲಿ ಕೂರಿಸುವ ಹಾಗೆ ಕೂರಿಸಿದೆವು. ಒಂದು ಗಂಟೆಯ ಕೆಲಸ. ಶಿಕ್ಷಕರೆಲ್ಲರೂ ಆಟದ ಮೈದಾನವೇ ಎಂದು ಊಹಿಸಿದ್ದೆವು. ಚುಕ್ಕೆಗಳು ಗುಂಪುಗೂಡಿದ್ದು ಶೌಚಾಲಯದ ದಾರಿಯಲ್ಲಿ, ಮೆಟ್ಟಿಲಿನ ತಿರುವಿನಲ್ಲಿ, ಮತ್ತು ಹಿಂದಿನ ಗೇಟಿನ ಹತ್ತಿರ.

ಇನ್ನೊಂದು ಮಾತನ್ನು ನಮ್ಮ ವೃತ್ತಿಯವನಾಗಿಯೇ ಹೇಳಬೇಕು. ಕೆಲವು ಚುಕ್ಕೆಗಳು ತರಗತಿಯ ಒಳಗೇ ಇದ್ದವು, ಮೇಜಿನ ಪಕ್ಕದಲ್ಲಿ. ಶಾಲೆಯ ಹಿಂಸೆಯ ಬಗ್ಗೆ ಮಾತಾಡುವಾಗ ಶಿಕ್ಷಕರ ಕೈಯಲ್ಲಿರುವ ಬೆತ್ತವನ್ನು ಬಿಟ್ಟು ಮಾತಾಡುವುದು ಪ್ರಾಮಾಣಿಕವಲ್ಲ. ಮಗುವನ್ನು ಎಲ್ಲ ಬಗೆಯ ದೈಹಿಕ ಮತ್ತು ಮಾನಸಿಕ ಹಿಂಸೆಯಿಂದ ರಕ್ಷಿಸಬೇಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 19ನೆಯ ವಿಧಿ ಹೇಳುತ್ತದೆ, ಅದರಲ್ಲಿ ಗುರುಗಳಿಗೆ ವಿನಾಯಿತಿ ಇಲ್ಲ. ಬಲವಿದ್ದವನು ಬಲವಿಲ್ಲದವನಿಗೆ ಹೊಡೆದು ತಿದ್ದಬಹುದೆಂದು ಬೆಳಗ್ಗೆ ನಾವು ತೋರಿಸಿಕೊಟ್ಟದ್ದನ್ನು ಮಧ್ಯಾಹ್ನ ಹುಡುಗರು ಮೆಟ್ಟಿಲಿನ ಕೆಳಗೆ ಅಭ್ಯಾಸ ಮಾಡುತ್ತಾರೆ. ಉಗಾಂಡಾದ ಲುವೆರೊ ಜಿಲ್ಲೆಯ 42 ಪ್ರಾಥಮಿಕ ಶಾಲೆಗಳಲ್ಲಿ ಗುಡ್ ಸ್ಕೂಲ್ ಟೂಲ್‌ಕಿಟ್ ಎಂಬ ಕಾರ್ಯಕ್ರಮವನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಫಲಿತಾಂಶ ನನಗೆ ಧೈರ್ಯ ಕೊಟ್ಟಿತು. ಕಾರ್ಯಕ್ರಮ ನಡೆದ ಶಾಲೆಗಳಲ್ಲಿ, ಸಿಬ್ಬಂದಿಯಿಂದ ಮಗುವಿಗೆ ಕಳೆದ ವಾರದಲ್ಲಿ ಪೆಟ್ಟು ಬಿದ್ದಿರುವ ಸಾಧ್ಯತೆ ಶೇಕಡಾ 42ರಷ್ಟು ಕಡಿಮೆಯಾಗಿತ್ತು. ಅಲ್ಲಿ ತಜ್ಞರ ದಂಡೇನೂ ಇರಲಿಲ್ಲ. ಶಿಕ್ಷಕರು, ವಿದ್ಯಾರ್ಥಿಗಳು ಮತ್ತು ಆಡಳಿತದವರು ಕೂಡಿ ಹಂತಹಂತವಾಗಿ ಶಾಲೆಯ ರೀತಿಯನ್ನು ಬದಲಿಸಿದರು.

ಶಾಲಾ ಭದ್ರತೆಯ ಮೇಲ್ವಿಚಾರಕ

ಚುಕ್ಕೆಯ ನಕ್ಷೆಯನ್ನು ನಾನು ನಮ್ಮಲ್ಲೂ ಮಾಡಿಸುತ್ತೇನೆ. ಶೌಚಾಲಯದ ಒಳಗೆ ಕ್ಯಾಮೆರಾ ಇಡುವಂತಿಲ್ಲ, ಇಡಲೂ ಬಾರದು. ಆದ್ದರಿಂದ ಆ ಜಾಗಕ್ಕೆ ಮನುಷ್ಯರೇ ಬೇಕೆಂಬುದನ್ನು ಒಪ್ಪುತ್ತೇನೆ. ಒಂದು ವಿಷಯ ಸೇರಿಸುತ್ತೇನೆ: ಆಪತ್ತಿನ ಅಣಕು ಅಭ್ಯಾಸಗಳನ್ನು ಮಕ್ಕಳಿಗೂ ಪೋಷಕರಿಗೂ ಮೊದಲೇ ತಿಳಿಸಿ, ಶಾಂತವಾಗಿ ನಡೆಸಬೇಕು. ದಾಳಿಕೋರನ ವೇಷ ಹಾಕಿಸಿ, ಸದ್ದು ಮಾಡಿಸಿ, ನಿಜವೋ ಸುಳ್ಳೋ ತಿಳಿಯದಂತೆ ನಡೆಸುವ ಅಭ್ಯಾಸಗಳು ಮಕ್ಕಳಿಗೆ ಹಾನಿ ಮಾಡುತ್ತವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2020ರಲ್ಲೇ ಎಚ್ಚರಿಸಿದೆ. ನಾನು ಅಂಥದ್ದೊಂದನ್ನು ಹಿಂದೆ ಮಾಡಿಸಿದ್ದೆ, ಇನ್ನು ಮಾಡಿಸುವುದಿಲ್ಲ.

ಐದನೆಯ ತರಗತಿಯ ಬಾಲಕನ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ಸಭೆ ಮುಗಿದು ಹದಿನೈದು ದಿನಗಳಾದವು, ನಡೆದದ್ದನ್ನು ತಿಳಿಸುತ್ತೇನೆ. ಸಭೆಗೆ ಮೊದಲೇ ಇನ್ನೂ ನಾಲ್ವರು ತಾಯಂದಿರನ್ನು ಮಾತಾಡಿಸಿದೆ. ಇಬ್ಬರ ಮನೆಯಲ್ಲೂ ಬಾಟಲಿಯ ಕಥೆ ಅದೇ ಆಗಿತ್ತು. ಐವರೂ ಒಟ್ಟಿಗೆ ಎದ್ದು ನಿಂತು ಕೇಳಿದ್ದರಿಂದ ಯಾವ ಮಗುವಿನ ಹೆಸರೂ ಹೊರಬರಲಿಲ್ಲ. ಮುಖ್ಯ ಶಿಕ್ಷಕಿಯವರು ಬರೆದುಕೊಟ್ಟ ಆ ಮೂರು ಭಾಗದ ಪ್ರಶ್ನೆಯನ್ನು ಓದಿದಾಗ ಕೆಲವು ಕ್ಷಣ ಯಾರೂ ಮಾತಾಡಲಿಲ್ಲ. ಈಗ ಚಿಕ್ಕವರ ಮತ್ತು ದೊಡ್ಡವರ ವಿರಾಮದ ಹೊತ್ತು ಬೇರೆಬೇರೆಯಾಗಿದೆ. ಶೌಚಾಲಯದ ದಾರಿಯಲ್ಲಿ ಒಬ್ಬ ಶಿಕ್ಷಕರು ಸರದಿಯಂತೆ ನಿಲ್ಲುತ್ತಿದ್ದಾರೆ, ಮುರಿದಿದ್ದ ಚಿಲಕಗಳು ಸರಿಯಾಗಿವೆ. ಆ ಮೂವರು ಹುಡುಗರನ್ನು ಒಬ್ಬೊಬ್ಬರನ್ನಾಗಿ ಕರೆದು, ಪೋಷಕರ ಎದುರು ಮಾತಾಡಿ, ವಾರಕ್ಕೊಮ್ಮೆ ವಿಚಾರಿಸುವುದಾಗಿ ಬರೆದುಕೊಟ್ಟಿದ್ದಾರೆ. ಇಬ್ಬರು ಸುಮ್ಮನಾಗಿದ್ದಾರೆ. ಮೂರನೆಯವನು ಕಳೆದ ಸೋಮವಾರ ಮತ್ತೆ ಒಬ್ಬ ಹುಡುಗನನ್ನು ತಳ್ಳಿದನೆಂದು ತಿಳಿಯಿತು, ಆದರೆ ಅದನ್ನು ಹೋಗಿ ಹೇಳಿದ್ದು ನೋಡುತ್ತ ನಿಂತಿದ್ದ ಒಂದು ಹುಡುಗಿ. ನನ್ನ ಮಗ ಬಾಟಲಿಯ ನೀರನ್ನು ಮುಕ್ಕಾಲು ಪಾಲು ಕುಡಿಯುತ್ತಿದ್ದಾನೆ.

ಒಂದು ವಿಷಯ ಮಾತ್ರ ತಿಳಿಯದಾಗಿದೆ. ನಮ್ಮ ಶಾಲೆಯಲ್ಲೂ ಮಾಡಿಸಿದ ಚುಕ್ಕೆಯ ನಕ್ಷೆಯ ಮೇಲೆ ಒಂದೇ ಕೊಠಡಿಯ ಮೇಜಿನ ಪಕ್ಕ ಒಂಬತ್ತು ಚುಕ್ಕೆಗಳು ಬಿದ್ದಿವೆ. ಅದರ ಬಗ್ಗೆ ಕೇಳಿದಾಗ, ಮಕ್ಕಳು ಆಟಕ್ಕೆ ಇಟ್ಟಿರಬಹುದು ಎಂಬ ಉತ್ತರ ಬಂತು. ಯಾರು ಇಟ್ಟರೆಂದು ವಿಚಾರಿಸುತ್ತೇವೆ ಎಂದೂ ಒಬ್ಬರು ಅಂದರು.

ನಿವೃತ್ತ ಮುಖ್ಯ ಶಿಕ್ಷಕಿ

ಮೇಡಂ, ಯಾರು ಇಟ್ಟರೆಂದು ಹುಡುಕುವುದನ್ನು ಇಂದೇ ತಡೆಯಿರಿ. ಹೆಸರು ಬೇಡವೆಂದು ಹೇಳಿ ಬರೆಸಿ ಆಮೇಲೆ ಹೆಸರು ಹುಡುಕಿದರೆ ಆ ಶಾಲೆಯ ಮಕ್ಕಳು ಮುಂದೆ ಯಾವ ಹಾಳೆಯ ಮೇಲೂ ನಿಜ ಬರೆಯುವುದಿಲ್ಲ. ಮುಖ್ಯ ಶಿಕ್ಷಕರಿಗೆ ಲಿಖಿತವಾಗಿ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಮೂಲ ಹಾಳೆಗಳನ್ನು ನಾಶಮಾಡದೆ ಲಕೋಟೆಯಲ್ಲಿ ಮುಚ್ಚಿಡಬೇಕೆಂದೂ, ಮೇಲಿನ ಶಿಕ್ಷಣಾಧಿಕಾರಿಗಳಿಗೆ ತಿಳಿಸಬೇಕೆಂದೂ, ಆ ಕೊಠಡಿಯ ಮಕ್ಕಳನ್ನು ಹೊರಗಿನ ಸಮಾಲೋಚಕರೊಬ್ಬರು ಪ್ರತ್ಯೇಕವಾಗಿ ಮಾತಾಡಿಸಬೇಕೆಂದೂ, ಅಲ್ಲಿಯವರೆಗೆ ಆ ತರಗತಿಯಲ್ಲಿ ಇನ್ನೊಬ್ಬ ಶಿಕ್ಷಕರು ಜೊತೆಗಿರಬೇಕೆಂದೂ ಅದರಲ್ಲಿ ಬರೆಯಿರಿ. ಮಕ್ಕಳ ಮಾತಿನಲ್ಲಿ ಪೆಟ್ಟಿಗಿಂತ ಬೇರೆಯಾದ ಏನಾದರೂ ಕಂಡುಬಂದರೆ ಶಾಲೆಯ ಒಳಗೇ ವಿಚಾರಣೆ ಮಾಡಿ ಮುಗಿಸಲು ಬಿಡಬೇಡಿ, ಅದು ಪೊಲೀಸರಿಗೆ ಮುಟ್ಟಬೇಕಾದ ವಿಷಯ. ಐವರೂ ಸಹಿ ಮಾಡಿ. ಪತ್ರದ ಕರಡನ್ನು ಇಲ್ಲಿ ಹಾಕಿದರೆ ಇಂದು ಸಂಜೆಯೊಳಗೆ ನೋಡಿ ತಿದ್ದಿಕೊಡುತ್ತೇನೆ.